ಕಪ್ಪು ಬಟ್ಟೆ ಮೇಲೆ ಬಿಳಿ ಲೆಕ್ಕ: ಕಡತದ ಕಥೆ

1/5
ಹಳೇ ಕಾಲದ ಪೇಪರ್ ಮಾಡೋದು ಹೇಗೆ ಅಂತ ಹುಡುಕಿದ್ರೆ ಎಲ್ಲರೂ ಹೇಳೋದು ಒಂದೇ. ಬಿಳಿ ಹಾಳೆ ತಗೊಳ್ಳಿ, ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಒಣಗಿಸಿ, ಅಂಚು ಸ್ವಲ್ಪ ಸುಡಿ. ಟೀಯಲ್ಲಿರೋ ಟ್ಯಾನಿನ್ ಹಾಳೆಯ ನಾರಿಗೆ ಹಿಡ್ಕೊಂಡು ಕಂದು ಬಣ್ಣ ಬರುತ್ತೆ. ಕೊಲಾಜ್‌ಗೆ ಚೆನ್ನಾಗೂ ಕಾಣುತ್ತೆ.

ಆದ್ರೆ ಇನ್ನೂರು ವರ್ಷದ ಹಿಂದೆ ನಮ್ಮ ಕಡೆ ಅಂಗಡಿ ಲೆಕ್ಕ ಈ ಬಣ್ಣದಲ್ಲಿತ್ತಾ? ಬಹುಪಾಲು ಇರಲಿಲ್ಲ. ಕಪ್ಪಗಿತ್ತು. ಅಕ್ಷರ ಬೆಳ್ಳಗಿತ್ತು. 👉

2/5
ಅದರ ಹೆಸರು ಕಡತ. ಇವತ್ತು ತಾಲ್ಲೂಕು ಆಫೀಸಲ್ಲಿ ‘ಕಡತ ವಿಲೇವಾರಿ’ ಅಂತ ಬೋರ್ಡ್ ನೋಡ್ತೀವಲ್ಲ, ಅದೇ ಪದ. ಈಗ ಅದು ಫೈಲು. ಆಗ ಅದು ಬಟ್ಟೆ.

ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಬಂದ ತನ್ನ ಇತಿಹಾಸ ಪುಸ್ತಕದಲ್ಲಿ ಇದನ್ನ ವಿವರವಾಗಿ ಬರೆದಿದ್ದಾನೆ. 8 ಇಂಚಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿ ಬಟ್ಟೆ. ಎರಡೂ ಕಡೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಕತ್ತರಿಸದೇ ಸಮನಾಗಿ ಮಡಿಸ್ತಿದ್ರು. ಉಳ್ಳವರ ಕಡತಕ್ಕೆ ಎರಡೂ ತುದಿಯಲ್ಲಿ ಬಣ್ಣ ಹಚ್ಚಿದ ಮರದ ಹಲಗೆ. ಬಡವರದ್ದಕ್ಕೆ ಬರೀ ಒಂದು ದಾರ. ಬರೆಯೋಕೆ ಬಳಪ. ಬೇಡ ಅಂದ್ರೆ ಸ್ಲೇಟಿನ ತರ ಒರೆಸಿ ಮತ್ತೆ ಬರೀಬಹುದು.

3/5
ಬಿ.ಕಾಂ ಓದೋರಿಗೆ ಇಲ್ಲೇ ಇದೆ ಮಜಾ. ಒರೆಸಿದ್ರೆ ಹೋಗೋ ಲೆಕ್ಕವನ್ನ ಯಾರು ನಂಬ್ತಾರೆ? ನಂಬ್ತಿದ್ರು. ಮೈಸೂರು ಸೀಮೆಯ ವರ್ತಕರು, ಅಂಗಡಿಯವರು ಎಲ್ಲಾ ಕಡೆ ಕಡತವನ್ನೇ ಬಳಸ್ತಿದ್ರು ಅಂತಾನೆ ವಿಲ್ಕ್ಸ್. ಆ ಸೀಮೆಯಲ್ಲಿ ನಮ್ಮ ಹರಿಹರ, ಮಾಯಕೊಂಡನೂ ಸೇರಿದ್ವು. ಸಾಕ್ಷಿಗಳನ್ನ ಇಟ್ಟು ಬರೆದ ಸಾಲಪತ್ರ ಒಬ್ಬ ವರ್ತಕನ ಕಡತದಲ್ಲಿತ್ತಂತೆ. ಅದನ್ನ ಪುರಾವೆ ಅಂತ ಒಪ್ಪಿದ್ದನ್ನ ತಾನೇ ಕಂಡೆ ಅಂತಾನೂ ಬರೆದಿದ್ದಾನೆ.

ಇವತ್ತು? 1 ಏಪ್ರಿಲ್ 2023ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಗುರುತು ಉಳೀಲೇಬೇಕು, ಅದೇ ಆಡಿಟ್ ಟ್ರೇಲ್. ಕಡತಕ್ಕೆ ಆಡಿಟ್ ಟ್ರೇಲ್ ಅಂದ್ರೆ ಸುತ್ತ ಕೂತ ಸಾಕ್ಷಿಗಳು, ಊರಿನ ನೆನಪು, ವರ್ತಕನ ಮಾತು.

4/5
ಒರೆಸೋಕೆ ಬರೋದ್ರಿಂದ ನಾವು ಕಳ್ಕೊಂಡಿದ್ದೂ ಇದೆ. ಮಾಯಕೊಂಡ ಅಂದ್ರೆ 1748ರ ಹೊತ್ತಿನ ಯುದ್ಧ, ಚಿತ್ರದುರ್ಗದ ಪಾಳೆಯಗಾರ ಇಲ್ಲೇ ಮಡಿದದ್ದು. ಅದಕ್ಕೆ ಪುಸ್ತಕದಲ್ಲಿ ಜಾಗ ಇದೆ. ಆದ್ರೆ ದಂಡು ಅಂದ ಮೇಲೆ ಕಾಳು-ಕಡಿ, ಹುಲ್ಲು-ಹುರುಳಿ ಕೊಟ್ಟೋರು ಇರಲೇಬೇಕಲ್ಲ. ಅವರು ಲೆಕ್ಕ ಬರೆದಿದ್ರೂ, ಬಾಕಿ ತೀರಿದ ದಿನ ಒರೆಸಿ ಹೋಗಿರುತ್ತೆ. ಜೋಪಾನ ಮಾಡಿದ ಕಡೆ ಮಾತ್ರ ಕಡತ ಉಳಿದಿದೆ. ಶೃಂಗೇರಿ ಮಠದ ಕಡತಗಳನ್ನ ಇತಿಹಾಸಕಾರ ಎ.ಕೆ. ಶಾಸ್ತ್ರಿ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಮಠದ ಲೆಕ್ಕ ಉಳೀತು, ಸಂತೆಯ ಲೆಕ್ಕ ಹೋಯ್ತು.

5/5
ಹಾಗಾದ್ರೆ ಕೊಲಾಜ್‌ಗೆ ಏನ್ ಮಾಡೋಣ? ಕಡತದ ತರದ ತುಂಡನ್ನೇ ಮಾಡಿ ನೋಡಿ. ಹುಣಸೆ ಬೀಜ ಹುರಿದು ಸಿಪ್ಪೆ ತೆಗೀರಿ. ನೆನೆಸಿ, ರುಬ್ಬಿ, ನೀರು ಹಾಕಿ ಗಂಜಿ ಹದಕ್ಕೆ ಕುದಿಸಿ. ಕಂಬಳಿ ನೇಯೋರು ಉಣ್ಣೆ ನೂಲು ಗಟ್ಟಿ ಮಾಡೋಕೆ ಬಳಸೋದೂ ಹುಣಸೆ ಬೀಜದ ಗಂಜಿಯನ್ನೇ. ಅದಕ್ಕೆ ಸೋಸಿದ ಇದ್ದಿಲ ಪುಡಿ ಸೇರಿಸಿ ಕೋರಾ ಬಟ್ಟೆಯ ಎರಡೂ ಕಡೆ ಬಳೀರಿ. ಪೂರ್ತಿ ಒಣಗಲಿ. ನುಣುಪಾದ ಕಲ್ಲಿಂದ ಉಜ್ಜಿ, ಮಡಿಸಿ, ಬಳಪದಲ್ಲಿ ಬರೀರಿ. ಟೀ ಹಾಳೆ ಪಕ್ಕ ಇಟ್ಟು ನೋಡಿ, ಗೊತ್ತಾಗುತ್ತೆ.

ಎರಡು ಮಾತು. ಒಂದು, ನೀವು ಮಾಡಿದ್ದರ ಹಿಂದೆ ಇವತ್ತಿನ ತಾರೀಕು ಹಾಕಿ. ನಾಳೆ ಅದನ್ನ ಯಾರೂ ಅಸಲಿ ಅಂತ ಮಾರಬಾರದು. ಎರಡು, ‘ವಿಂಟೇಜ್ ಲುಕ್’ ಬೇಕು ಅಂತ ಗುಜರಿಯಿಂದ ತಂದ ಅಸಲಿ ಖಾತೆ ಪುಸ್ತಕ ಹರೀಬೇಡಿ. ಪುಟ ಪುಟನೂ ಫೋಟೋ ತೆಗೀರಿ, ಪ್ರಿಂಟ್ ಹಾಕಿ ಅದನ್ನ ಹರೀರಿ. ಯಾರೋ ಕಾಳು ಕೊಂಡ, ಸಾಲ ತೀರಿಸಿದ ಸುದ್ದಿ ಅದರಲ್ಲಿ ಬಿಟ್ಟು ಬೇರೆಲ್ಲೂ ಇರಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಇದ್ರೆ ದಯವಿಟ್ಟು ಒರೆಸಬೇಡಿ, ತೊಳೀಬೇಡಿ. ಕಾಮೆಂಟಲ್ಲಿ ಹೇಳಿ. 🖤

#ಕಡತ #ಮಾಯಕೊಂಡ #ದಾವಣಗೆರೆ #ಲೆಕ್ಕದಇತಿಹಾಸ #ಕನ್ನಡಕೊಲಾಜ್