ವಿಹಾರ ನೌಕಾಯಾನದ ಆ್ಯಪ್‌ಗಳು ಮತ್ತು ಡಿಜಿಟಲ್ ಸಾಧನಗಳು

ಮನರಂಜನೆಗೋ ಕ್ರೀಡೆಗೋ ಪ್ರವಾಸಕ್ಕೋ ದೋಣಿಯೇರಿ ಸಮುದ್ರ, ಹಿನ್ನೀರು, ನದಿಗಳಲ್ಲಿ ಸಂಚರಿಸುವವರು ದಾರಿ ಹಿಡಿಯಲು, ಹವೆ ತಿಳಿಯಲು, ಲಂಗರು ಕಾಯಲು, ಆಪತ್ತಿನಲ್ಲಿ ನೆರವು ಕೋರಲು ಬಳಸುವ ಮೊಬೈಲ್ ಆ್ಯಪ್‌ಗಳು ಹಾಗೂ ಅವುಗಳ ಜೊತೆಗಿನ ಉಪಕರಣಗಳು. ಒಂದು ಕಾಲಕ್ಕೆ ಹಡಗಿನ ಚುಕ್ಕಾಣಿ ಕೋಣೆಯಲ್ಲಷ್ಟೇ ಇರುತ್ತಿದ್ದ ನಕಾಶೆ, ಉಬ್ಬರದ ಪಟ್ಟಿ, ಸ್ಥಾನ ಲೆಕ್ಕಾಚಾರಗಳು ಇವುಗಳಿಂದಾಗಿ ಜೇಬಿನ ಫೋನಿಗೆ ಇಳಿದಿವೆ. ವಾಣಿಜ್ಯ ಹಡಗಿನ ಉಪಕರಣಗಳು ಅಂತರರಾಷ್ಟ್ರೀಯ ನಿಯಮದಂತೆ ಪರೀಕ್ಷೆಗೊಳಪಡುತ್ತವೆ. ವಿಹಾರಿಗಳ ಆ್ಯಪ್‌ಗಳಿಗೆ ಅಂಥ ಕಡ್ಡಾಯವಿಲ್ಲ. ಹಾಗಾಗಿ ಯಾವ ಆ್ಯಪ್‌ ತನ್ನ ಮಾಹಿತಿಯನ್ನು ಎಲ್ಲಿಂದ ತರುತ್ತದೆ, ಅದರ ಕಣ್ಣಿಗೆ ಯಾವುದು ಬೀಳುವುದಿಲ್ಲ ಎಂಬುದನ್ನು ಅರಿಯುವುದೂ ಅದರ ಬಳಕೆಯ ಭಾಗವೇ.

ಹಿನ್ನೆಲೆ

ಅಮೆರಿಕದ ಜಿಪಿಎಸ್ ಉಪಗ್ರಹ ಜಾಲ 1995ರಲ್ಲಿ ಪೂರ್ಣ ಪ್ರಮಾಣದಲ್ಲಿ ಕೆಲಸಕ್ಕೆ ಬಂದರೂ, ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸಲಾಗುತ್ತಿತ್ತು. ಸ್ಥಾನದಲ್ಲಿ ಸುಮಾರು 100 ಮೀಟರ್‌ವರೆಗೂ ವ್ಯತ್ಯಾಸ ಬರುತ್ತಿತ್ತು. ಬಂದರಿನ ಕಿರಿದಾದ ಹಾದಿಯಲ್ಲಿ ಅಷ್ಟು ವ್ಯತ್ಯಾಸ ಬಂದರೆ ಬಂಡೆ ದೋಣಿಯ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳಲಾಗದು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದ ಮೇಲೆ ಸಣ್ಣ ದೋಣಿಗಳವರಿಗೂ ಜಿಪಿಎಸ್ ನಂಬಬಹುದಾದ ಸಾಧನವಾಯಿತು. ಇಂದು ತೆರೆದ ಆಕಾಶದಡಿ ಸಾಮಾನ್ಯ ಸ್ಮಾರ್ಟ್‌ಫೋನು 5 ಮೀಟರ್ ಆಸುಪಾಸಿನಲ್ಲಿ ಸ್ಥಾನ ಹೇಳಬಲ್ಲದು.

ವಿದ್ಯುನ್ಮಾನ ನಕಾಶೆಯ ಚರಿತ್ರೆ ಇದಕ್ಕೂ ಹಿಂದಿನದು. ಇಟಲಿಯಲ್ಲಿ 1984ರಲ್ಲಿ ಆರಂಭವಾದ ನಾವಿಯೋನಿಕ್ಸ್ ಕಂಪನಿ ಪರದೆಯ ಮೇಲೆ ಸಮುದ್ರದ ನಕಾಶೆ ತೋರಿಸುವ ಯಂತ್ರವನ್ನು ಆಗಲೇ ಮಾರುಕಟ್ಟೆಗೆ ತಂದಿತ್ತು. ಮುಂದೆ ಫೋನು ಮತ್ತು ಟ್ಯಾಬ್ಲೆಟ್‌ಗಳಿಗೂ ಅದರ ಆ್ಯಪ್‌ ಬಂತು. 2017ರಲ್ಲಿ ಅಮೆರಿಕದ ಗಾರ್ಮಿನ್ ಕಂಪನಿ ಅದನ್ನು ಕೊಂಡುಕೊಂಡಿತು. ಸರಕಾರಿ ಸಂಸ್ಥೆಗಳೂ ಈಗ ಕಾಗದದಿಂದ ಪರದೆಯತ್ತ ಹೊರಳಿವೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ‘ನೋವಾ’ ಸಾಂಪ್ರದಾಯಿಕ ಕಾಗದದ ನಕಾಶೆಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2019ರಲ್ಲಿ ಪ್ರಕಟಿಸಿ, ಸುಮಾರು ಐದು ವರ್ಷಗಳಲ್ಲಿ ಆ ಕೆಲಸ ಮುಗಿಸಿತು.

ನಕಾಶೆ ಮತ್ತು ದಾರಿ

ನಕಾಶೆ ಆ್ಯಪ್‌ಗಳಲ್ಲಿ ನಾವಿಯೋನಿಕ್ಸ್, ಸಿ-ಮ್ಯಾಪ್, ಆಕ್ವಾ ಮ್ಯಾಪ್, ಸ್ಯಾವಿ ನ್ಯಾವಿ ಮೊದಲಾದವು ಪ್ರಚಲಿತ. ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವ ಓಪನ್‌ಸಿಪಿಎನ್ ಉಚಿತ, ಮುಕ್ತ ತಂತ್ರಾಂಶ. ನೀರಿನ ಆಳ, ಬಂಡೆ, ದೀಪಸ್ತಂಭ, ತೇಲುಗುರುತುಗಳನ್ನು ತೋರಿಸಿ, ಅವುಗಳ ನಡುವೆ ದೋಣಿ ಸಾಗುವ ಗೆರೆಯನ್ನು ಎಳೆಯುವುದು ಇವೆಲ್ಲದರ ಕೆಲಸ. ದೂರವನ್ನು ನಾಟಿಕಲ್ ಮೈಲಿಯಲ್ಲೂ (1852 ಮೀಟರ್) ವೇಗವನ್ನು ನಾಟ್‌ನಲ್ಲೂ (ಗಂಟೆಗೆ ಒಂದು ನಾಟಿಕಲ್ ಮೈಲಿ) ಹೇಳುತ್ತವೆ.

ಡಿಜಿಟಲ್ ನಕಾಶೆಗಳಲ್ಲಿ ಎರಡು ಬಗೆ. ಕಾಗದದ ನಕಾಶೆಯ ಚಿತ್ರವನ್ನೇ ಪರದೆಗೆ ತಂದದ್ದು ರಾಸ್ಟರ್. ಪ್ರತಿ ಬಂಡೆ, ಪ್ರತಿ ಆಳವನ್ನು ಬಿಡಿ ಬಿಡಿ ದತ್ತಾಂಶವಾಗಿ ಇಟ್ಟುಕೊಂಡು, ಬೇಕಾದಾಗ ಗೆರೆಯೆಳೆದು ತೋರಿಸುವುದು ವೆಕ್ಟರ್. ವೆಕ್ಟರ್ ನಕಾಶೆಯನ್ನು ಹಿಗ್ಗಿಸಿದಷ್ಟೂ ವಿವರ ಹೆಚ್ಚು. ಕುಗ್ಗಿಸಿದರೆ ಪರದೆ ಕಿಕ್ಕಿರಿಯದಿರಲೆಂದು ಆ್ಯಪ್‌ ಸಣ್ಣ ವಿವರಗಳನ್ನು ತಾನೇ ಮರೆಮಾಡುತ್ತದೆ. ಈ ಅನುಕೂಲವೇ ಮುಳುವಾದ ಪ್ರಸಿದ್ಧ ಪ್ರಸಂಗವೊಂದಿದೆ. 2014ರ ನವೆಂಬರ್ 29ರ ರಾತ್ರಿ, ವೋಲ್ವೋ ಓಷನ್ ರೇಸ್‌ನಲ್ಲಿದ್ದ ‘ವೆಸ್ಟಾಸ್ ವಿಂಡ್’ ಹಾಯಿದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕಾರಜೋಸ್ ಹವಳದಿಬ್ಬಕ್ಕೆ ಅಪ್ಪಳಿಸಿತು. ಅನುಭವಿ ಸಿಬ್ಬಂದಿ, ಒಳ್ಳೆಯ ಉಪಕರಣ ಎಲ್ಲವೂ ಇದ್ದವು. ಆದರೆ ಅವರು ನೋಡುತ್ತಿದ್ದ ಹಿಗ್ಗುವಿಕೆಯ ಮಟ್ಟದಲ್ಲಿ ಆ ದಿಬ್ಬದ ಅಪಾಯ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ ಎಂದು ಮರುವರ್ಷದ ಸ್ವತಂತ್ರ ತನಿಖಾ ವರದಿ ಗುರುತಿಸಿತು. ದೋಣಿಯಲ್ಲಿದ್ದ ಒಂಬತ್ತು ಮಂದಿಯೂ ಬದುಕುಳಿದರು. ಯೋಜಿಸಿದ ದಾರಿಯುದ್ದಕ್ಕೂ ನಕಾಶೆಯನ್ನು ಪೂರ್ತಿ ಹಿಗ್ಗಿಸಿ ಒಮ್ಮೆ ಕಣ್ಣಾಡಿಸಬೇಕು ಎಂದು ನೌಕಾಯಾನ ಕಲಿಸುವವರು ಹೇಳುವುದು ಇದಕ್ಕಾಗಿ. ಆ್ಯಪ್‌ ತಾನಾಗಿ ಸೂಚಿಸುವ ದಾರಿಗೂ ಇದೇ ನಿಯಮ.

ಆಳ ಮತ್ತು ಉಬ್ಬರವಿಳಿತ

ನಕಾಶೆಯಲ್ಲಿ ಬರೆದ ಆಳ ಆ ಹೊತ್ತಿನ ನೀರಿನ ಆಳವಲ್ಲ. ಇಳಿತದ ಕಾಲದ ಒಂದು ಗೊತ್ತಾದ ಕೆಳಮಟ್ಟದಿಂದ ಅಳೆದದ್ದು. ಅದಕ್ಕೆ ಆ ಹೊತ್ತಿನ ಉಬ್ಬರದ ಎತ್ತರವನ್ನು ಕೂಡಿಸಿ, ದೋಣಿಯ ಮುಳುಗುಭಾಗವನ್ನು ಕಳೆಯಬೇಕು. ನಕಾಶೆಯ ಆಳ 1.2 ಮೀಟರ್, ಉಬ್ಬರ 1 ಮೀಟರ್, ದೋಣಿ ನೀರಿನೊಳಗೆ 1.5 ಮೀಟರ್ ಇಳಿದಿದೆ ಎಂದುಕೊಂಡರೆ ತಳದ ಕೆಳಗೆ ಉಳಿಯುವುದು 70 ಸೆಂಟಿಮೀಟರ್. ಅದೇ ಜಾಗಕ್ಕೆ ಇಳಿತದಲ್ಲಿ ಬಂದರೆ ದೋಣಿ ತಳ ಹಿಡಿಯುತ್ತದೆ. ಉಬ್ಬರದ ಆ್ಯಪ್‌ಗಳು ಈ ಎತ್ತರವನ್ನು ಗಂಟೆಗಂಟೆಗೆ ವಕ್ರರೇಖೆಯಾಗಿ ಕೊಡುತ್ತವೆ. ಆದರೆ ಅದು ಸೂರ್ಯಚಂದ್ರರ ಸೆಳೆತದ ಗಣಿತ ಮಾತ್ರ. ಗಾಳಿಯ ನೂಕು, ವಾಯುಭಾರ, ನದಿಯ ನೆರೆ ಅದರಲ್ಲಿ ಸೇರಿರುವುದಿಲ್ಲ.

ಅಳಿವೆಗಳಲ್ಲಿ ನಕಾಶೆಯೇ ಬೇಗ ಹಳತಾಗುತ್ತದೆ. ಕರಾವಳಿ ಕರ್ನಾಟಕದಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಳಿವೆ ಬಾಗಿಲಿನ ಮರಳುದಿಬ್ಬ ಜಾಗ ಬದಲಿಸಿರಬಹುದು. ಅಲ್ಲಿ ಫೋನಿನ ಗೆರೆಗಿಂತ ದಿನವೂ ದಾಟುವ ಮೀನುಗಾರರ ಮಾತಿಗೇ ಬೆಲೆ ಹೆಚ್ಚು. ಜಲಾಶಯಗಳ ಪಾಡು ಇನ್ನೊಂದು ಬಗೆ. ಹೊನ್ನೆಮರಡುವಿನಲ್ಲಿ ಕಯಾಕ್, ತೆಪ್ಪಗಳು ಓಡಾಡುವ ಶರಾವತಿ ಹಿನ್ನೀರು ಬೇಸಿಗೆಗೆ ಇಳಿಯುತ್ತ ಹೋದಂತೆ ದಡವೇ ಹಿಂದೆ ಸರಿದು, ಮುಳುಗಿದ್ದ ದಿಬ್ಬ, ಮರದ ಬೊಡ್ಡೆಗಳು ಮೇಲೇಳುತ್ತವೆ. ಉಪಗ್ರಹ ಚಿತ್ರ ತುಂಬಿದ ಕಾಲದ್ದಾಗಿದ್ದರೆ ಆ್ಯಪ್‌ನಲ್ಲಿ ಅಲ್ಲೆಲ್ಲ ನೀಲಿ ನೀರೇ ಕಾಣುತ್ತದೆ. ಕೆಲವು ಕಂಪನಿಗಳು ಬಳಕೆದಾರರ ಆಳಮಾಪಕಗಳಿಂದ ಬಂದ ಅಳತೆಗಳನ್ನು ಒಟ್ಟುಗೂಡಿಸಿ ನಕಾಶೆಯನ್ನು ಆಗಾಗ ತಿದ್ದುತ್ತವೆ. ದೋಣಿಗಳ ಓಡಾಟ ಹೆಚ್ಚಿರುವ ಕಡೆ ಮಾತ್ರ ಇದರ ಫಲ ಸಿಗುತ್ತದೆ.

ಗಾಳಿ, ಅಲೆ

ಜೆಕ್ ಗಣರಾಜ್ಯದಲ್ಲಿ ಹುಟ್ಟಿದ ವಿಂಡಿ, ನ್ಯೂಜಿಲೆಂಡ್‌ನ ಪ್ರಿಡಿಕ್ಟ್‌ವಿಂಡ್ ಹವೆಯ ಮುನ್ಸೂಚನೆಗೆ ಹೆಸರಾದ ಆ್ಯಪ್‌ಗಳು. ಇವು ಹೆಚ್ಚಾಗಿ ನೆಚ್ಚುವುದು ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯುಎಫ್ ಮುಂತಾದ ಗಣಕ ಮಾದರಿಗಳನ್ನು. ಅವುಗಳ ಅಂಕಿಗಳನ್ನು ಬಣ್ಣ, ಬಾಣಗಳಲ್ಲಿ ತೋರಿಸುತ್ತವೆ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಹೊಸದಾಗುತ್ತದೆ. ಜಾಗತಿಕ ಮಾದರಿಗಳು ಭೂಮಿಯನ್ನು ಸುಮಾರು 10 ಕಿ.ಮೀ. ಆಚೀಚಿನ ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುವುದರಿಂದ, ಗುಡ್ಡದ ಮರೆಯ ಕೊಲ್ಲಿಯಲ್ಲಿ ಏಳುವ ಸುಳಿಗಾಳಿಯಾಗಲಿ ಹತ್ತು ನಿಮಿಷದ ಗುಡುಗುಗಾಳಿಯಾಗಲಿ ಅವುಗಳ ಜರಡಿಯಲ್ಲಿ ನಿಲ್ಲುವುದಿಲ್ಲ. ಎರಡು ಮಾದರಿಗಳು ಒಂದೇ ಮಾತು ಹೇಳಿದರೆ ಭರವಸೆ ಹೆಚ್ಚು. ಬೇರೆ ಬೇರೆ ಹೇಳಿದರೆ ಆ ಭಿನ್ನಾಭಿಪ್ರಾಯವೇ ಒಂದು ಮುನ್ಸೂಚನೆ.

ಗಾಳಿಯಿಲ್ಲದ ದಿನವೂ ಕಡಲು ಏಳಬಹುದು. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಟ್ಟಲೆ ಸಾಗಿ ಬಂದು ಭಾರತದ ಪಶ್ಚಿಮ ಕರಾವಳಿಗೆ ಬಡಿಯುತ್ತವೆ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡದ ಕಿವಿಗೂ ಅರ್ಥವಾಗುವ ಮಾತು, ಕಳ್ಳನಂತೆ ಬರುವ ಕಡಲು. ಸ್ಥಳೀಯ ಗಾಳಿಯನ್ನಷ್ಟೇ ನೋಡಿ ಹೊರಟವರು ಇದನ್ನು ಊಹಿಸಲಾರರು. ಅಲೆಯ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಬೇಕು. ಆ ಅವಧಿ ದೀರ್ಘವಾಗಿದ್ದರೆ ಅಲೆ ದೂರದಿಂದ ಬಂದದ್ದು, ದಡದ ಬಳಿ ಎದ್ದುನಿಲ್ಲುವಂಥದ್ದು.

ಹಡಗುಗಳ ಗುರುತು

ದೊಡ್ಡ ಹಡಗುಗಳು ತಮ್ಮ ಹೆಸರು, ಸ್ಥಾನ, ದಿಕ್ಕು, ವೇಗವನ್ನು ವಿಎಚ್‌ಎಫ್ ರೇಡಿಯೋದಲ್ಲಿ ತಾವಾಗಿ ಸಾರುತ್ತಿರುವ ಏರ್ಪಾಡಿಗೆ ಎಐಎಸ್ ಎಂದು ಹೆಸರು. ಅಂತರರಾಷ್ಟ್ರೀಯ ಯಾನದ 300 ಟನ್ನೇಜ್ ಹಾಗೂ ಮೇಲ್ಪಟ್ಟ ಹಡಗುಗಳಿಗೆ ಇದು ಕಡ್ಡಾಯ. ಅವು ಸಾಗುತ್ತಿರುವಾಗ 2ರಿಂದ 10 ಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತವೆ. ಸಣ್ಣ ದೋಣಿಗಳ ‘ಬಿ ದರ್ಜೆ’ಯ ಸಾಮಾನ್ಯ ಉಪಕರಣ ಕಳಿಸುವುದು ಅರ್ಧ ನಿಮಿಷಕ್ಕೊಮ್ಮೆ. ಗ್ರೀಸ್‌ನಲ್ಲಿ ಆರಂಭವಾದ ಮರೀನ್‌ಟ್ರಾಫಿಕ್‌ನಂಥ ಆ್ಯಪ್‌ಗಳು ದಡದ ಕೇಂದ್ರಗಳು ಹಿಡಿದ ಈ ಸಂಕೇತಗಳನ್ನು ಅಂತರಜಾಲದ ಮೂಲಕ ತೋರಿಸುತ್ತವೆ. ಮನೆಯಲ್ಲಿ ಕುಳಿತವರಿಗೆ ಇದು ಕೌತುಕ. ಡಿಕ್ಕಿ ತಪ್ಪಿಸಲು ಸಾಲದು, ಏಕೆಂದರೆ ತೋರಿಸುವ ಸ್ಥಾನ ಕೆಲವು ನಿಮಿಷ ಹಳೆಯದಿರಬಹುದು. ದೋಣಿಯಲ್ಲೇ ರಿಸೀವರ್ ಇಟ್ಟುಕೊಂಡು, ವೈಫೈ ಮೂಲಕ ಫೋನಿಗೆ ಜೋಡಿಸಿಕೊಂಡರೆ ಸಂಕೇತ ನೇರವಾಗಿ ಸಿಗುತ್ತದೆ.

ಆಗಲೂ ಖಾಲಿ ಪರದೆಯೆಂದರೆ ಖಾಲಿ ಕಡಲಲ್ಲ. ಮಲ್ಪೆ, ಗಂಗೊಳ್ಳಿ, ಕಾರವಾರದ ನೀರಿನಲ್ಲಿ ಬಲೆ ಬಿಡುವ ನಾಡದೋಣಿಗಳಲ್ಲಿ ಎಐಎಸ್ ಇರುವುದು ಅಪರೂಪ. ಕಣ್ಣು ಕಿವಿ ತೆರೆದಿಟ್ಟು ಸದಾ ಕಾವಲಿರಬೇಕು ಎಂಬುದು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ ಐದನೆಯದು. ಯಾವ ಆ್ಯಪ್‌ ಇದ್ದರೂ ಅದರಿಂದ ವಿನಾಯಿತಿ ಇಲ್ಲ.

ಲಂಗರು ಎಚ್ಚರಿಕೆ

ಲಂಗರು ಹಾಕಿ ಮಲಗಿದವರ ನಿದ್ದೆ ಕಾಯುವ ಆ್ಯಪ್‌ಗಳು ಸರಳ, ಬಹಳ ಉಪಯುಕ್ತ. ಲಂಗರು ಬಿಟ್ಟ ಜಾಗವನ್ನು ಗುರುತಿಸಿ ಸುತ್ತ ಒಂದು ವೃತ್ತ ಎಳೆಯಬೇಕು. ದೋಣಿ ವೃತ್ತ ದಾಟಿದರೆ ಫೋನು ಕೂಗುತ್ತದೆ. ವೃತ್ತದ ಅಳತೆ ಬರುವುದು ಹಗ್ಗದ ಲೆಕ್ಕದಿಂದ. ನೀರು 4 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಎತ್ತರ, ಒಟ್ಟು 5. ಅದರ ಏಳು ಪಟ್ಟು ಹಗ್ಗ ಬಿಟ್ಟರೆ 35 ಮೀಟರ್. ಗಾಳಿ ತಿರುಗಿದಂತೆ ದೋಣಿ ಲಂಗರಿನ ಸುತ್ತ ತಿರುಗುವುದರಿಂದ, ಹಗ್ಗದ ಜೊತೆ ದೋಣಿಯ ಉದ್ದವನ್ನೂ ಸೇರಿಸಬೇಕು. ಹೊಸಬರು ಮಾಡುವ ತಪ್ಪು ಒಂದೇ: ಲಂಗರು ಬಿಟ್ಟ ಕ್ಷಣದಲ್ಲಲ್ಲ, ಹಗ್ಗವನ್ನೆಲ್ಲ ಬಿಟ್ಟು ದೋಣಿ ಹಿಂದೆ ಸರಿದು ನಿಂತ ಮೇಲೆ ಗುಂಡಿ ಒತ್ತುವುದು. ಆಗ ವೃತ್ತದ ನಡುಬಿಂದುವೇ ತಪ್ಪಿ, ಲಂಗರು ಗಟ್ಟಿಯಾಗಿದ್ದರೂ ರಾತ್ರಿಯೆಲ್ಲ ಸುಳ್ಳು ಕೂಗು ಕೇಳಬೇಕಾಗುತ್ತದೆ.

ಭಾರತದ ಸೇವೆಗಳು

ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇಂಕಾಯಿಸ್) ಎತ್ತರದ ಅಲೆ, ಕಳ್ಳಕ್ಕಡಲ್, ಸುನಾಮಿ ಎಚ್ಚರಿಕೆಗಳನ್ನು ‘ಸಮುದ್ರ’ ಆ್ಯಪ್‌ ಮೂಲಕ ಕೊಡುತ್ತದೆ. ಮೀನುಗಾರರಿಗಾಗಿಯೇ ಮುಖ್ಯವಾಗಿ ರೂಪಿಸಿದ್ದರೂ ವಿಹಾರಿಗಳಿಗೆ ಅಷ್ಟೇ ಪ್ರಯೋಜನಕಾರಿ. ದಡದಿಂದ 10–12 ಕಿ.ಮೀ. ದಾಟಿದರೆ ಮೊಬೈಲ್ ಸಂಕೇತ ಕೈಕೊಡುತ್ತದೆ. ಅಲ್ಲಿಂದಾಚೆಗೂ ಉಪಗ್ರಹದ ಮೂಲಕ ಎಚ್ಚರಿಕೆ ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ದಾಟಿಸುವ ‘ಜೆಮಿನಿ’ ಎಂಬ ಕೈಪೆಟ್ಟಿಗೆ 2019ರಲ್ಲಿ ಬಂತು. ಭಾರತದ್ದೇ ಪಥದರ್ಶಕ ಉಪಗ್ರಹ ವ್ಯವಸ್ಥೆ ನಾವಿಕ್‌ನ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಈಚಿನ ಅನೇಕ ಫೋನುಗಳು ಅದರ ಸಂಕೇತವನ್ನೂ ಓದಬಲ್ಲವು.

ಆಪತ್ತಿನಲ್ಲಿ

ಕರಾವಳಿ ಕಾವಲು ಪಡೆಯ ಸಹಾಯವಾಣಿ 1554. ಆದರೆ ಫೋನಿಗೆ ಸಂಕೇತವಿದ್ದರೆ ಮಾತ್ರ ಅದು ಮುಟ್ಟುತ್ತದೆ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕೂಗಿದ್ದು ಸುತ್ತಲಿನ ಹಡಗುಗಳಿಗೆಲ್ಲ ಕೇಳುತ್ತದೆ. ನಡುಗಡಲಿನಲ್ಲಿ ನೆಚ್ಚಬಹುದಾದದ್ದು 406 ಮೆಗಾಹರ್ಟ್ಸ್‌ನ ಆಪತ್ ಸೂಚಕ (ಇಪಿಐಆರ್‌ಬಿ). ಕಾಸ್ಪಾಸ್–ಸಾರ್ಸ್ಯಾಟ್ ಉಪಗ್ರಹ ಜಾಲ ಹಿಡಿಯುವ ಈ ಕರೆಗಳಲ್ಲಿ ಭಾರತದ ಪಾಲಿನವು ಬಂದು ತಲಪುವುದು ಬೆಂಗಳೂರಿಗೆ. ಇಸ್ರೋದ ಇಸ್ಟ್ರಾಕ್‌ನಲ್ಲಿರುವ ನಿಯಂತ್ರಣ ಕೇಂದ್ರ ಅವನ್ನು ರಕ್ಷಣಾ ಕೇಂದ್ರಗಳಿಗೆ ದಾಟಿಸುತ್ತದೆ. ವಿದೇಶಗಳಲ್ಲಿ ವಿಹಾರಿಗಳು ಉಪಗ್ರಹ ಫೋನು, ಉಪಗ್ರಹ ಸಂದೇಶ ಸಾಧನಗಳನ್ನು ಧಾರಾಳವಾಗಿ ಬಳಸುತ್ತಾರೆ. ಭಾರತದಲ್ಲಿ ಅವಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು.

ಸಾಧನದ ಮಿತಿಗಳು

ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ, ನಕಾಶೆಗೆ ಬೇಕು. ಆದ್ದರಿಂದ ದಡ ಬಿಡುವ ಮುನ್ನವೇ ನಕಾಶೆ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪರೀಕ್ಷಿಸುವುದು ವಾಡಿಕೆ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ. ಸಿಮ್ ಸೌಲಭ್ಯದವುಗಳಲ್ಲಿ ಇರುತ್ತದೆ. ಕೊಂಡ ಮೇಲೆ ಇದು ಗೊತ್ತಾದವರು ಹೊರಗಿನ ರಿಸೀವರ್ ಜೋಡಿಸಿಕೊಳ್ಳಬೇಕು. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಓಗೊಡುವುದಿಲ್ಲ. ಉರಿಬಿಸಿಲಲ್ಲಿ ಪರದೆ ಮಂಕಾಗುತ್ತದೆ, ಕಾದ ಫೋನು ತಾನಾಗಿ ಆರಿಹೋಗುವುದೂ ಉಂಟು.

2018ರ ಗೋಲ್ಡನ್ ಗ್ಲೋಬ್ ಏಕಾಂಗಿ ಭೂಪ್ರದಕ್ಷಿಣೆಯ ಸ್ಪರ್ಧೆ ಈ ಸಾಧನಗಳ ತಾರತಮ್ಯವನ್ನು ತೋರಿಸಿಕೊಟ್ಟಿತು. 1968ರ ಕಾಲದ ಉಪಕರಣಗಳಲ್ಲೇ ಸಾಗಬೇಕೆಂಬುದು ಅದರ ನಿಯಮ; ದಾರಿಗೆ ಸೂರ್ಯ, ನಕ್ಷತ್ರಗಳ ಕೋನ ಅಳೆಯುವ ಸೆಕ್ಸ್‌ಟಂಟ್, ಕಾಗದದ ನಕಾಶೆ. ಆದರೂ ದೋಣಿಯ ಸ್ಥಾನ ತಿಳಿಸುವ ಉಪಗ್ರಹ ಸಾಧನ ಹಾಗೂ ಆಪತ್ ಸೂಚಕ ಪ್ರತಿ ದೋಣಿಯಲ್ಲೂ ಇರಲೇಬೇಕಿತ್ತು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಹಾಯಿಕಂಬ ಮುರಿದು, ಬೆನ್ನೆಲುಬಿಗೆ ಪೆಟ್ಟಾಗಿ ಮೇಲೇಳಲಾಗದೆ ಬಿದ್ದಿದ್ದ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರನ್ನು ಫ್ರಾನ್ಸಿನ ‘ಒಸಿರಿಸ್’ ಹಡಗು ಮೂರು ದಿನಗಳ ಮೇಲೆ ತಲಪಿ ಕಾಪಾಡಿತು. ಸೆಕ್ಸ್‌ಟಂಟ್ ಹಿಡಿದು ಹೊರಟ ದೋಣಿಯನ್ನು ಅಲ್ಲಿ ಹುಡುಕಿಕೊಟ್ಟದ್ದು ಉಪಗ್ರಹದ ಸಂಕೇತ.