ಹೊನ್ನಿನ ಕೊಡೆ

ಭಿಕ್ಷುವಾದವನು ಚಿನ್ನವನ್ನಾಗಲಿ ಬೆಳ್ಳಿಯನ್ನಾಗಲಿ ಸ್ವೀಕರಿಸಕೂಡದೆಂಬುದು ವಿನಯಪಿಟಕದ ನಿಯಮ. ಆ ಪಿಟಕವನ್ನು ಪಾಲಿಯಲ್ಲಿ ಪಠಿಸುತ್ತ ಬಂದ ಬರ್ಮಾದಲ್ಲಿಯೇ, ಎಂದರೆ ಇಂದಿನ ಮ್ಯಾನ್ಮಾರಿನಲ್ಲಿ, ಸುಪ್ರಸಿದ್ಧವಾದ ಹೊನ್ನಿನ ಸ್ತೂಪವೊಂದು ತಲೆಯೆತ್ತಿ ನಿಂತಿರುವುದು ನನಗೆ ಬಹುಕಾಲ ಒಗಟಾಗಿತ್ತು. ರಂಗೂನಿನ ಶ್ವೇಡಗೋನ್ ಸ್ತೂಪದ ಚರಿತ್ರೆಯನ್ನು ಓದುತ್ತ ಹೋದಂತೆ ಆ ಒಗಟು ಬಿಡಿಸಿಕೊಂಡಿತೆನ್ನಲಾರೆ; ಬೇರೊಂದು ರೂಪವನ್ನು ತಾಳಿತು.

ಬರ್ಮೀ ನುಡಿಯಲ್ಲಿ ‘ಶ್ವೇ’ ಎಂದರೆ ಚಿನ್ನ. ಡಗೋನ್ ಎಂಬುದು ಊರಿನ ಹಳೆಯ ಹೆಸರು. ತಪುಸ್ಸ, ಭಲ್ಲಿಕರೆಂಬ ಇಬ್ಬರು ವರ್ತಕರು ಬುದ್ಧನಿಂದ ಪಡೆದ ಎಂಟು ಕೇಶಗಳು ಇಲ್ಲಿವೆಯೆಂದು ಐತಿಹ್ಯ. ಸ್ತೂಪದ ಒಡಲು ಇಟ್ಟಿಗೆಯದು. ಚಿನ್ನ ಅದರ ತೊಗಲು ಮಾತ್ರ. 15ನೆಯ ಶತಮಾನದಲ್ಲಿ ಪೆಗುವನ್ನು ಆಳಿದ ಶಿನ್ ಸಾ ಬು ಎಂಬ ರಾಣಿ ತನ್ನ ಮೈತೂಕದ ಚಿನ್ನವನ್ನು ಬಡಿಸಿ ಇದಕ್ಕೆ ಹೊದಿಸಿದಳೆನ್ನುತ್ತಾರೆ. ಅವಳ ಅಳಿಯ ಧಮ್ಮಚೇತಿ ತನ್ನ ಮತ್ತು ಪತ್ನಿಯ ತೂಕದ ನಾಲ್ಕು ಮಡಿ ಕೊಟ್ಟನಂತೆ. ಹಂಪೆಯ ತುಲಾಭಾರದ ಕಲ್ಲುಕಂಬಗಳನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಆದರೆ ನಮ್ಮ ತುಲಾಪುರುಷದಾನದ ಹೊನ್ನು ವಿಪ್ರರಿಗೆ ಹಂಚಿಹೋಗುತ್ತಿತ್ತು. ಅಲ್ಲಿಯದು ಮಳೆಗಾಳಿಗೆ ಮೈಯೊಡ್ಡಿ ನಿಂತಿತು. ಮುಂಗಾರು ಸವೆಸಿದ್ದನ್ನು ಮತ್ತೆ ಯಾರಾದರೂ ತುಂಬಲೇಬೇಕು. ಯಾರು ತುಂಬುತ್ತಾರೋ ಅವರೇ ನಾಡಿನ ಒಡೆಯರು!

1768ರ ಭೂಕಂಪದಲ್ಲಿ ಶಿಖರ ಉರುಳಿದಾಗ ಅದನ್ನು ಮತ್ತೆ ಎತ್ತಿ, ಇಂದಿನ ಸುಮಾರು 99 ಮೀಟರ್ ಎತ್ತರಕ್ಕೆ ಏರಿಸಿದವನು ಉತ್ತರದ ಬರ್ಮೀ ದೊರೆ ಸಿನ್ ಬ್ಯು ಶಿನ್. ದಕ್ಷಿಣದ ಮೋನ್ ಜನರ ನಾಡನ್ನು ಅವನ ವಂಶ ಗೆದ್ದು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಇದನ್ನು ಕೇವಲ ಭಕ್ತಿಯೆನ್ನಲು ನನಗೆ ಮನಸ್ಸೊಪ್ಪದು.

1852ರ ಯುದ್ಧದಲ್ಲಿ ಕೆಳಬರ್ಮಾ ಇಂಗ್ಲಿಷರ ವಶವಾಯಿತು. ಸ್ತೂಪದ ದಿಬ್ಬವೇ ಅವರ ಕೋಟೆಯಾಯಿತು. ಸೈನ್ಯ ಅಲ್ಲಿಂದ ಕದಲಿದ್ದು 1929ರಲ್ಲಿ. ಶಿಖರದ ತುದಿಗೆ ‘ಟೀ’ ಎಂಬ ಲೋಹದ ಕೊಡೆಯೊಂದಿರುತ್ತದೆ. ಕೊಡೆಯೆಂದರೆ ರಾಜಚಿಹ್ನೆಯೆಂಬುದನ್ನು ಕೇಳುಗರಿಗೆ, ಬೆಳ್ಗೊಡೆಯ ಮಾತು ತುಂಬಿದ ನಮ್ಮ ಹಳಗನ್ನಡ ಕಾವ್ಯಗಳನ್ನು ಬಲ್ಲವರಿಗೆ, ವಿವರಿಸಬೇಕಾಗಿಲ್ಲ. ಮಂಡಾಲೆಯಲ್ಲಿ ಉಳಿದ ಅರ್ಧರಾಜ್ಯವನ್ನು ಆಳುತ್ತಿದ್ದ ಮಿಂಡೋನ್, 1871ರಲ್ಲಿ ರತ್ನಖಚಿತವಾದ ಹೊಸ ಕೊಡೆಯೊಂದನ್ನು ಮಾಡಿಸಿ ಕಳುಹಿಸಿದ. ಇಂಗ್ಲಿಷರು ಕೊಡೆಯನ್ನು ಬರಗೊಟ್ಟರು; ಕೊಟ್ಟವನನ್ನು ಬರಗೊಡಲಿಲ್ಲ. ಪರರ ಬಾವುಟ ಹಾರುವ ಊರಿನಲ್ಲಿ, ಎಲ್ಲರ ಕಣ್ಣಿಗೂ ಎಟುಕುವ ಎತ್ತರದಲ್ಲಿ, ತನ್ನ ಛತ್ರ ಬಿಚ್ಚಿನಿಂತಿದೆಯೆಂಬುದನ್ನು ಆತ ದೂರದಿಂದಲೇ ಕೇಳಿ ತಿಳಿಯಬೇಕಾಯಿತು.

ಅವನ ಮಗ ಥೀಬಾ 1885ರಲ್ಲಿ ಸಿಂಹಾಸನವನ್ನೇ ಕಳೆದುಕೊಂಡು, ಕೊಂಕಣದ ರತ್ನಾಗಿರಿಯಲ್ಲಿ ಸೆರೆಯಾಗಿದ್ದು 1916ರಲ್ಲಿ ತೀರಿಕೊಂಡ. ತಂದೆಯ ಕೊಡೆ ರಂಗೂನಿನಲ್ಲಿ 1999ರವರೆಗೂ ಇತ್ತು. ಆ ವರ್ಷ ಅದನ್ನು ಇಳಿಸಿ ಹೊಸದನ್ನು ಏರಿಸಿದವರು ಸೇನಾಧಿಪತಿಗಳು.