ಟ್ರ್ಯಾಕ್ಷನ್ ಕಂಟ್ರೋಲ್ (ತರುವಾಯ ಅಳವಡಿಸುವುದು)

ಕಾರ್ಖಾನೆಯಿಂದ ಹೊರಬಂದ ತರುವಾಯ, ಹಿಂದಿನ ಚಕ್ರಗಳಿಂದ ಚಲಿಸುವ ಪ್ರಬಲ ಕಾರುಗಳಿಗೆ ಜೋಡಿಸಲ್ಪಡುವ, ಆ ಚಕ್ರಗಳು ಹಿಡಿತ ತಪ್ಪಿ ವೃಥಾ ತಿರುಗದಂತೆ ತಡೆಯುವ ವಿದ್ಯುನ್ಮಾನ ಸಾಧನ. ಟೈರು ರಸ್ತೆಯ ಮೇಲೆ ಒದಗಿಸಬಲ್ಲ ಘರ್ಷಣಬಲವು ಪರಿಮಿತವಾದುದರಿಂದ, ಅದೆಲ್ಲವೂ ಮುನ್ನೂಕುವುದರಲ್ಲಿಯೇ ವ್ಯಯವಾದಲ್ಲಿ ಪಾರ್ಶ್ವದ ಹಿಡಿತಕ್ಕೆ ಏನೂ ಉಳಿಯದೆ, ತಿರುವಿನಲ್ಲಿ ಕಾರಿನ ಹಿಂಭಾಗವು ಹೊರಕ್ಕೆ ಜಾರಿ, ವಾಹನವು ಬುಗುರಿಯಂತೆ ಸುತ್ತುವ ಸಂಭವವುಂಟು.

1992ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಡಾಡ್ಜ್ ವೈಪರ್, 8 ಲೀಟರಿನ ಎಂಜಿನ್ನಿನಿಂದ 400 ಅಶ್ವಶಕ್ತಿಯನ್ನು ಪಡೆಯುತ್ತಿದ್ದರೂ, ಟ್ರ್ಯಾಕ್ಷನ್ ಕಂಟ್ರೋಲ್ ಆಗಲಿ, ಬ್ರೇಕು ಹಾಕಿದಾಗ ಚಕ್ರಗಳು ಸ್ತಂಭಿಸದಂತೆ ತಡೆಯುವ ಎಬಿಎಸ್ ಆಗಲಿ ಇಲ್ಲದೆಯೇ ಬಂದಿತ್ತು. ಇಂಥ ಸೌಲಭ್ಯವಿಲ್ಲದ ಕಾರುಗಳಿಗಾಗಿ ಬ್ರಿಟನ್ನಿನ ರೇಸ್‌ಲಾಜಿಕ್ ಮೊದಲಾದ ಸಂಸ್ಥೆಗಳು ಪ್ರತ್ಯೇಕ ಉಪಕರಣಗಳನ್ನು ನಿರ್ಮಿಸಿದುವು.

ಕಾರ್ಯವಿಧಾನ: ಚಕ್ರಗಳ ಬಳಿಯ ಸೆನ್ಸರುಗಳು ಮುಂದಿನ ಹಾಗೂ ಹಿಂದಿನ ಚಕ್ರಗಳ ವೇಗವನ್ನು ಅಳೆಯುತ್ತವೆ; ಆ ವೇಗಗಳ ಅಂತರವೇ ಜಾರುವಿಕೆಯ ಪ್ರಮಾಣವಾಗುತ್ತದೆ. ಒಣ ರಸ್ತೆಯಲ್ಲಿ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಜಾರುವಿಕೆಯಲ್ಲಿ ಹಿಡಿತವು ಪರಾಕಾಷ್ಠೆಯನ್ನು ಮುಟ್ಟುವುದರಿಂದ, ಗೊತ್ತುಪಡಿಸಿದ ಮಿತಿಯನ್ನು ಮೀರಿದೊಡನೆ ಸಾಧನವು ಕೆಲವು ಸಿಲಿಂಡರುಗಳ ಇಂಧನವನ್ನೋ ಕಿಡಿಯನ್ನೋ ಕ್ಷಣಕಾಲ ನಿಲ್ಲಿಸಿ ಎಂಜಿನ್ನಿನ ಬಲವನ್ನು ಕುಗ್ಗಿಸುತ್ತದೆ. ಕಿಡಿಯನ್ನು ಮಾತ್ರ ತಡೆದಾಗ ಉರಿಯದ ಇಂಧನವು ಹೊಗೆಕೊಳವೆಯನ್ನು ಸೇರಿ, ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿಯುಂಟುಮಾಡಬಹುದು.

ಇತಿಮಿತಿಗಳು: ಹಿಂದುಮುಂದಿನ ಟೈರುಗಳ ವ್ಯಾಸ ಭಿನ್ನವಾಗಿದ್ದರೆ ಅಳತೆಯನ್ನು ಅದಕ್ಕೆ ತಕ್ಕಂತೆ ಸರಿಹೊಂದಿಸಬೇಕು. ಎಂಜಿನ್ನಿನ ಬಲವನ್ನಷ್ಟೇ ನಿಯಂತ್ರಿಸುವ ಸಾಧನವು, ಅತಿವೇಗದಿಂದ ತಿರುವನ್ನು ಹೊಕ್ಕ ಕಾರನ್ನು ರಕ್ಷಿಸಲಾರದು. ಸವೆದ ಟೈರಿಗೂ ಚಾಲಕನ ವಿವೇಕಕ್ಕೂ ಅದು ಪರ್ಯಾಯವಲ್ಲ.